ಶ್ರಾವಣದ ಮಠದಲ್ಲಿ ಓದಿದ ಕಾಯ್ದೆ

ಎಳ್ಳು ಹುರಿಯುವ ವಾಸನೆ ಬಂದರೆ ಊರಿಗೆಲ್ಲ ಪಂಚಮಿ ನೆನಪಾಗುತ್ತದೆ, ಜೋಕಾಲಿ ನೆನಪಾಗುತ್ತದೆ. ನನಗೆ ಕಾಯ್ದೆ ನೆನಪಾಗುತ್ತದೆ. ನಗುವವರು ನಗಲಿ. ಈ ಸಲವೂ ಹಾಗೇ ಆಯಿತು. ಗ್ರಂಥಾಲಯಕ್ಕೆ ಬೀಗ ಹಾಕಿ ಮನೆಗೆ ಬಂದರೆ ಒಳಗೆ ಅವ್ವ ಒಲೆ ಮುಂದೆ ಕುಳಿತು ಎಳ್ಳು ಹುರಿಯುತ್ತಿದ್ದಳು. ಪಕ್ಕದ ಪಾತ್ರೆಯಲ್ಲಿ ಬೆಲ್ಲ ಕರಗುತ್ತಿತ್ತು. ಚಪ್ಪಲಿ ಬಿಡುವಷ್ಟರಲ್ಲಿ ಆ ಒಂದು ಶ್ರಾವಣ ಪೂರ್ತಿಯಾಗಿ ಬಂದು ಎದುರಿಗೆ ಕುಳಿತಿತು. ಸಿಟ್ಟು ಬರಬೇಕಿತ್ತು, ಇಲ್ಲವೇ ಅಳು ಬರಬೇಕಿತ್ತು. ಎರಡೂ ಬರಲಿಲ್ಲ. ಕೈಕಾಲು ತೊಳೆದುಕೊಂಡು ಉಂಡಿ ಕಟ್ಟಲು ಕುಳಿತೆ.

ನಮ್ಮೂರು ಮಸ್ಕಿಗೂ ಸಿಂಧನೂರಿಗೂ ನಡುವೆ, ಡಾಂಬರು ರಸ್ತೆ ಬಿಟ್ಟು ಒಳಗೆ. ಅರ್ಧ ಊರಿನ ಹೊಲಕ್ಕೆ ಕಾಲುವೆ ನೀರು, ಉಳಿದರ್ಧಕ್ಕೆ ಮುಗಿಲೇ ಗತಿ. ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವುದು ನನ್ನ ಕೆಲಸ. ಮದುವೆಯಾಗಿ, ಅದು ನಿಲ್ಲದೆ, ತಿರುಗಿ ಅಪ್ಪ ಅವ್ವನ ಹತ್ತಿರ ಬಂದವಳು ನಾನು. ಅದು ಬೇರೆ ಕಥೆ, ಇಲ್ಲಿ ಬೇಡ. ಅವ್ವನ ಹೆಸರು ಶಂಕ್ರಮ್ಮ. ಅವಳ ತವರು ಲಿಂಗಸುಗೂರಿನ ಕಡೆಗೆ. ಅಲ್ಲಿ ಅವಳಿಗೆ ಇಬ್ಬರು ತಮ್ಮಂದಿರು, ಒಂದು ಮನೆ, ಮತ್ತು ಹಿರಿಯರಿಂದ ಬಂದ, ಪಾಲಾಗದ ಹೊಲ.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ದಿನ ದೊಡ್ಡ ತಮ್ಮ ಅಮರಪ್ಪ ಮಾಮಾ ನಮ್ಮ ಮನೆಗೆ ಬಂದ. ಪಂಚಮಿಗೆ ಅಕ್ಕನನ್ನು ಕರೆಯಲು ಬಂದೆ ಎಂದ. ಪಂಚಮಿ ಇನ್ನೂ ತಿಂಗಳ ಮೇಲೆ ದೂರ ಇತ್ತು. ಹಿಂದಿನ ವರ್ಷಗಳಲ್ಲಿ ಹಬ್ಬ ಎರಡು ದಿನವಿದ್ದಾಗ ಬಂದು "ಲಗೂನ ಹೊಂಡು" ಎಂದು ಅವಸರ ಮಾಡುತ್ತಿದ್ದವನು ಇಷ್ಟು ಮುಂಚೆ ಬಂದದ್ದು ಯಾಕೆಂದು ನಾನು ಕಾದು ನೋಡಿದೆ. ಚಹಾ ಕುಡಿದು ಬಟ್ಟಲು ಕೆಳಗಿಟ್ಟ ಮೇಲೆ ಬಾಯಿ ಬಿಟ್ಟ.

"ಹಬ್ಬದ ಮರುದಿನ ಹಂಗ ಲಿಂಗಸುಗೂರಿಗೆ ಹೋಗಿ ಬರೋಣು ಅಕ್ಕ. ಒಂದು ಹೆಬ್ಬೆಟ್ಟಿನ ಕೆಲಸ ಐತಿ. ನಾನೂ ತಮ್ಮನೂ ಹೊಲ ಪಾಲು ಮಾಡ್ಕೊಳ್ಳಾಕತ್ತೀವಿ. ನೀ ಒಂದು ಹಕ್ಕು ಬಿಡುಗಡೆ ಪತ್ರ ಮಾಡಿ ಕೊಟ್ಟರ ಮುಗೀತು."

"ಯಾವ ಹಕ್ಕಪಾ ಅದು?" ಎಂದಳು ಅವ್ವ.

"ಹಕ್ಕೇನಿಲ್ಲ ತಗೋ. ಕಾಯ್ದೆ ಪ್ರಕಾರ ನಿಂದೇನೂ ಬರಂಗಿಲ್ಲ. ನಿನ್ನ ಮದುವಿ ಹಳೇ ಕಾಲದಾಗ ಆಗೇತಿ. ಬಾಂಡ್ ರೈಟರ್ ಪುಸ್ತಕದಾಗ ತೋರಿಸ್ಯಾನ." ಕಿಸೆಯಿಂದ ಮಡಿಕೆಯಾದ ಒಂದು ಝೆರಾಕ್ಸ್ ತೆಗೆದು ನನ್ನ ಕೈಗೆ ಕೊಟ್ಟ. ಯಾವುದೋ ಕಾನೂನು ಕೈಪಿಡಿಯ ಪುಟ. ರಾಜ್ಯದ ತಿದ್ದುಪಡಿ ಬರುವ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾದ ಪಾಲು ಇಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಓದಿದೆ. ಹಾಗೇ ಇತ್ತು.

ಅಪ್ಪ ಮೂಲೆಯಲ್ಲಿ ಕುಳಿತಿದ್ದ. "ಅಕಿ ತವರಿನ ವ್ಯವಹಾರ, ನಾ ಬಾಯಿ ಹಾಕಂಗಿಲ್ಲ" ಎಂದು ಎದ್ದು ಹೊರಗೆ ಹೋದ. ಅವ್ವ ತಮ್ಮನಿಗೆ ಹೋಳಿಗೆ ಬಡಿಸಿದಳು. ಉಂಡು ಹೋದ.

ರಾತ್ರಿ ಪಾತ್ರೆ ತೊಳೆಯುತ್ತಿದ್ದಾಗ ಅವ್ವ, ನನ್ನ ಕಡೆ ನೋಡದೆ, ಕೇಳಿದಳು. "ನಂದೇನೂ ಇಲ್ಲ ಅಂದ. ಇಲ್ಲದ್ದನ್ನ ಬಿಡು ಅಂತ ಯಾಕ ಕೇಳಾಕತ್ತಾನ?"

ಶಾಲೆ ಕಲಿತವಳು ನಾನು. ಅವ್ವನಿಗೆ ಅಕ್ಷರ ಬಾರದು. ಪ್ರಶ್ನೆ ಮಾತ್ರ ಅವಳದು. "ಹುಡುಕ್ತೀನಿ ತಡಿ" ಎಂದೆ. ಆ ಹೊಲದಲ್ಲಿ ಒಂದು ಬಾವಿ ಇದೆ. ಅದನ್ನು ತೋಡುವಾಗ ಅವ್ವ ಲಂಗ ಉಡುವ ಹುಡುಗಿ. ಪುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದ್ದಳಂತೆ, ನೀರು ಬಂದ ದಿನ ಅವಳ ಅಪ್ಪ, ನನ್ನ ಮುತ್ಯಾ, ಅವಳ ಕೈಯಿಂದಲೇ ಕಾಯಿ ಒಡೆಸಿದ್ದನಂತೆ. ಈ ಮಾತನ್ನು ಎಷ್ಟೋ ಸಲ ಹೇಳಿದ್ದಳು. ಆ ರಾತ್ರಿ ಹೇಳಲಿಲ್ಲ.

ಮರುದಿನದಿಂದ ಹುಡುಕಲು ಶುರು ಮಾಡಿದೆ. ಮೊದಲು ನನ್ನ ಗ್ರಂಥಾಲಯದಲ್ಲೇ. ಸಂವಿಧಾನದ ಪೀಠಿಕೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆವು, ಶಾಲೆಯ ಮಕ್ಕಳು ಬಂದಾಗಲೆಲ್ಲ ಒಕ್ಕೊರಲಿನಿಂದ ಓದಿಸುತ್ತಿದ್ದೆ. ಅದರ ಕೆಳಗಿನ ಕಪಾಟುಗಳಲ್ಲಿ ಪೊಲೀಸ್ ಪರೀಕ್ಷೆಯ ಗೈಡು, ಪಿಡಿಒ ಪರೀಕ್ಷೆಯ ಗೈಡು, ಅಡುಗೆ ಪುಸ್ತಕ, ಕಾದಂಬರಿ. ಕಾಯ್ದೆಯದು ಒಂದೇ ಒಂದು ಸಿಕ್ಕಿತು. ತೆಗೆದು ನೋಡಿದರೆ ಮಾಮಾ ತೋರಿಸಿದ ಝೆರಾಕ್ಸಿನ ತಾಯಿಪುಸ್ತಕವೇ ಅದು. ಎಷ್ಟು ಹಳೆಯದೆಂದರೆ, ಪುಟ ತಿರುವಿದರೆ ಅಂಚು ಕೈಗೇ ಬರುತ್ತಿತ್ತು. ಇದರ ನಂತರ ಏನಾದರೂ ಬದಲಾಗಿದೆಯೇ ಎಂದು ಆ ಪುಸ್ತಕ ಹೇಳುವುದಾದರೂ ಹೇಗೆ? ಅಚ್ಚಾದ ದಿನಕ್ಕೇ ಅದರ ಜಗತ್ತು ಮುಗಿದಿತ್ತು.

ಆಮೇಲೆ ಗ್ರಂಥಾಲಯದ ಕಂಪ್ಯೂಟರ್. ನೆಟ್ಟು ಬರುವುದು ಹೋಗುವುದು ನಮ್ಮೂರ ನಳದ ನೀರಿನ ಹಾಗೆ. ಬಂದಾಗ ಒಂದು ತಾಣದಲ್ಲಿ ಕನ್ನಡ ಎಂದಿದ್ದಲ್ಲಿ ಒತ್ತಿದೆ. ಅಕ್ಷರವೆಲ್ಲ ಒಡೆದು, ಇಂಗ್ಲಿಷ್ ಅಂಕಿ, ಬಾಣ, ಚುಕ್ಕೆ ಎಲ್ಲ ಕಲಸಿ ಹೋಗಿದ್ದವು. ಇನ್ನೊಂದರಲ್ಲಿ ಪುಟಗಳನ್ನು ಸೊಟ್ಟ ಇಟ್ಟು ಫೋಟೋ ಹೊಡೆದಿದ್ದರು, ನಮಗೆ ಬೇಕಾದ ಕಲಮು ಇದ್ದ ಕಡೆಗೇ ಕಪ್ಪು ಮಸಿ. ಇಂಗ್ಲಿಷಿನದು ಮಾತ್ರ ಚೆಂದಾಗಿ ತೆರೆಯಿತು. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅದರ ಹೊಟ್ಟೆಯಲ್ಲಿ ಮೂರು ವಾಕ್ಯ. ಬಿ.ಎ. ಓದಿದ ನನಗೆ ತಲೆ ಗಿರ್ರೆಂದಿತು. ಹೊಸ ತಿದ್ದುಪಡಿ ಒಂದು ಬಂದಿದೆ, ಅದು ದಿಲ್ಲಿಯದು, ಹಳೆಯದನ್ನು ಅದು ತಿನ್ನುತ್ತದೆ ಎಂಬಷ್ಟು ಮಾತ್ರ ಗೊತ್ತಾಯಿತು. ಈ ದೇಶದಲ್ಲಿ ಕಾಯ್ದೆ ಗೊತ್ತಿರಲಿಲ್ಲ ಎಂದು ಯಾರೂ ತಪ್ಪಿಸಿಕೊಳ್ಳುವಂತಿಲ್ಲವಂತೆ. ಗೊತ್ತು ಮಾಡಿಕೊಳ್ಳುವುದು ಎಲ್ಲಿ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಆಷಾಢದ ಗಾಳಿ ಬೀಸುತ್ತಿತ್ತು. ಒಂದು ಸೋಮವಾರ ರಜೆ ಹಾಕಿ ಸಿಂಧನೂರಿಗೆ ಹೋದೆ. ಜಿಟಿಜಿಟಿ ಮಳೆ, ಅಕ್ಕಿ ಗಿರಣಿಗಳ ತೌಡಿನ ವಾಸನೆ, ಬಸ್‌ಸ್ಟ್ಯಾಂಡಿನ ಮುಂದೆ ಆಟೋಗಳ ಗದ್ದಲ. ಕಾಲುವೆಗೆ ನೀರು ಬಿಡುವ ಸುದ್ದಿಯೇ ಎಲ್ಲರ ಬಾಯಲ್ಲಿ. ಪುಸ್ತಕದಂಗಡಿಯವನು ಮೇಲಿನ ಕಪಾಟು ತೋರಿಸಿದ. "ಇಂಗ್ಲಿಷಿನಾಗ ಬೇಕಾದಷ್ಟು ಅದಾವ ನೋಡ್ರಿ ಮೇಡಂ. ಕನ್ನಡದಾಗ ಪರೀಕ್ಷಾಕ್ಕ ಬರೋದಷ್ಟ ಇಟ್ಟೀವಿ. ಇದ್ಯಾವ ಪರೀಕ್ಷಾಕ್ಕ ಬರತೈತ್ರಿ?" ಯಾವ ಪರೀಕ್ಷೆಗೂ ಇಲ್ಲ ಎಂದು ಹೊರಬಿದ್ದೆ.

ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು ಕೋಟಿನ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಮುಖ ನೋಡಿ ಧೈರ್ಯ ಬಂತು. ಕೇಳಿದೆ.

"ಯಾರ ಕೇಸ್ ರೀ?" ಎಂದಳು ವಕೀಲಮ್ಮ.

"ಕೇಸಿಲ್ಲ ರೀ ಮೇಡಂ. ಓದಾಕ ಬೇಕು."

ಅವಳು ನಕ್ಕುಬಿಟ್ಟಳು. "ಯಪ್ಪಾ! ಓದಾಕಂತ ಕಾಯ್ದೆ ಕೇಳ್ಕೊಂಡು ಬಂದಾಕಿ ನೀವ ಮೊದಲು." ನಕ್ಕರೂ ಒಳ್ಳೆಯವಳು. ತನ್ನ ಚೇಂಬರಿಗೆ ಕರೆದುಕೊಂಡು ಹೋಗಿ, ಕನ್ನಡದಲ್ಲಿ ಅಚ್ಚಾದ ಆ ಕಲಮನ್ನು ಹುಡುಕಿ ತೆಗೆದಳು. ಅರ್ಧ ಗಂಟೆ ಹಿಡಿಯಿತು, ಅವಳಿಗೂ ಕನ್ನಡದ ಪ್ರತಿ ತೆಗೆಯುವ ಪ್ರಸಂಗ ಬಂದಿರಲಿಲ್ಲವಂತೆ. ಹಾಳೆಗಳನ್ನು ಝೆರಾಕ್ಸ್ ಮಾಡಿಸಿ ಕೊಡುತ್ತ ಬಿಡಿಸಿ ಹೇಳಿದಳು. "ಹಳೇ ಕಾಯ್ದೆಯಾಗೂ ಅಪ್ಪನ ಪಾಲಿನಾಗ ಮಗಳಿಗೆ ಒಂಚೂರು ಇತ್ತು. ಈಗ ಹಂಗಲ್ಲ, ಮಗನಷ್ಟ. ಮದುವಿ ಯಾವಾಗ ಆತು ಅನ್ನೋದು ಲೆಕ್ಕಕ್ಕಿಲ್ಲ. ಸುಪ್ರೀಂ ಕೋರ್ಟೂ ಹೇಳಿಬಿಟ್ಟೈತಿ. ನಿಮ್ಮ ತಾಯಿಯವರ ಹೊಲ ಇನ್ನೂ ಪಾಲಾಗಿಲ್ಲ ಅಂತೀರಿ, ಹಂಗಾರ ಅವರದು ಐತಿ. ಒಂದು ಮಾತು ನೆನಪಿಡ್ರಿ. ಬಿಡುಗಡೆ ಪತ್ರಕ್ಕ ಹೆಬ್ಬೆಟ್ಟು ಒತ್ತಿದ ಮ್ಯಾಲ ತಿರುಗಿ ತಗೊಳ್ಳೋದು ಭಾಳ ಕಷ್ಟ."

ಬಸ್ಸಿನಲ್ಲಿ ಹಾಳೆಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಬಂದೆ, ಮಳೆಗೆ ನೆನೆಯದಿರಲಿ ಎಂದು. ಆ ಹೊತ್ತು ನನಗೆ ಖುಷಿಯಾಗಿತ್ತು. ಆ ವರ್ಷದಲ್ಲಿ ಖುಷಿ ಎಂದು ನೆನಪಿರುವುದು ಅದೊಂದೇ.

ಮನೆಗೆ ಬಂದು ಅವ್ವನ ಮುಂದೆ ಕುಳಿತು, "ಬೇ, ನಿಂದು ಐತಿ. ಅದಕ್ಕ ಬಿಡು ಅಂತ ಕೇಳಾಕತ್ತಾರ" ಎಂದೆ. ಹಾಳೆ ಬಿಚ್ಚಿದೆ. ಅವ್ವ ಕೈ ಅಡ್ಡ ಹಿಡಿದಳು.

"ನನಗೊಬ್ಬಾಕಿಗೆ ಹೇಳಬ್ಯಾಡ. ಒಬ್ಬಾಕಿ ಕಿವ್ಯಾಗ ಹೇಳಿದ್ರ ಅದು ಚಾಡಿ ಆಕೈತಿ. ನಾಳೆ ಮಗಳು ತಲಿ ಕೆಡಿಸ್ಯಾಳ ಅಂತಾರ. ಮಠದಾಗ ಓದು. ಎಲ್ಲರ ಮುಂದ ಓದು."

ನಮ್ಮೂರ ಮಠದಲ್ಲಿ ಶ್ರಾವಣ ಬಂತೆಂದರೆ ತಿಂಗಳಿಡೀ ಸಂಜೆ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದಬೇಕು, ಒಬ್ಬರು ಅರ್ಥ ಬಿಡಿಸಬೇಕು. ಓದುವವಳು ನಾನು, ಶಾಲೆಗೆ ಹೋಗುವಾಗಿನಿಂದ. ದನಿ ದೊಡ್ಡದು, ತಡವರಿಸುವುದಿಲ್ಲ ಎಂದು ಹಚ್ಚಿದ್ದರು, ತಿರುಗಿ ಬಂದ ಮೇಲೂ ಬಿಡಿಸಲಿಲ್ಲ. ಅರ್ಥ ಹೇಳುವವರು ಮಠದ ಅಯ್ಯನವರು. ಹಲ್ಲು ಅರ್ಧ ಉಳಿದಿದ್ದವು, ನೆನಪು ಪೂರ್ತಿ ಉಳಿದಿತ್ತು. ಓದಿದ್ದು ತಿಳಿಯದಿದ್ದರೂ ನಮ್ಮ ಜನ ಬೇಸರ ಮಾಡಿಕೊಳ್ಳುವುದಿಲ್ಲ, ಅರ್ಥ ಹೇಳುವವರು ಇದ್ದಾರಲ್ಲ ಎಂದು ಕಂಬಕ್ಕೆ ಆತು ಕುಳಿತಿರುತ್ತಾರೆ.

ಅಯ್ಯನವರಿಗೆ ಹಾಳೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದೂ ಪದ್ಯದಂಗ ಐತಲ್ಲ ತಂಗಿ. ಬಿಡಿಸದಿದ್ರ ತಿಳಿಯಂಗಿಲ್ಲ" ಎಂದರು. ಹಾಳೆ ತಿರುಗಿ ಕೊಟ್ಟರು. "ಪುರಾಣ ಮುಗಿದ ಮ್ಯಾಲ ಓದೋಣು. ನಡುವ ಬ್ಯಾಡ."

ಪಂಚಮಿಗೆ ಎರಡು ದಿನ ಉಳಿದಿತ್ತು. ಭತ್ತದ ನಾಟಿಗೆ ಹೋಗಿ ಬಂದ ಹೆಂಗಸರು ಕೆಸರು ತೊಳೆದುಕೊಂಡು, ಉಂಡು, ಮಠಕ್ಕೆ ಬಂದಿದ್ದರು. ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಆ ದಿನದ ಪುರಾಣ ಮುಗಿಯಿತು. ಜನ ಏಳುವುದರೊಳಗೆ ಅಯ್ಯನವರು ಕೈ ಎತ್ತಿ, "ಕುಂದರ್ರಿ, ಇನ್ನೊಂದು ಓದು ಐತಿ" ಎಂದರು. ನಾನು ಹಾಳೆಗಳನ್ನು ವ್ಯಾಸಪೀಠದ ಮೇಲೆ ಇಟ್ಟು ಓದಿದೆ. ಅದೇ ದನಿ ಬಂತು, ಪುರಾಣ ಓದುವ ದನಿ. ಬೇರೆ ದನಿ ನನ್ನ ಹತ್ತಿರ ಇರಲಿಲ್ಲ.

ಒಂದು ವಾಕ್ಯಕ್ಕೆ ಅಯ್ಯನವರು ನಿಲ್ಲಿಸಿದರು. "ಏನು ಅಂತೈತಿ ಕೇಳ್ರಿ. ಗಂಡು ಹುಟ್ಟಿದ್ರ ಓಣಿಗೆಲ್ಲ ಸಕ್ಕರಿ ಹಂಚ್ತೀರಿ. ಹೆಣ್ಣು ಹುಟ್ಟಿದ್ರ ಬಾಯಿ ಮುಚ್ಕೊಂಡು ಕುಂದರ್ತೀರಿ. ಕಾಯ್ದೆ ಅಂತೈತಿ, ನೀವು ಸಕ್ಕರಿ ಹಂಚ್ರಿ ಬಿಡ್ರಿ, ಆ ಕೂಸು ಅತ್ತ ಕೂಡಲೇ ಹಿರೇರ ಹೊಲದಾಗ ಅದರ ಪಾಲು ಹುಟ್ಟತೈತಿ. ಮಗನದೆಷ್ಟೋ ಅಷ್ಟ." ಮುಂದೆ ಓದಿದೆ. ಪರಂತು ಎಂದು ಬಂತು. ಅಯ್ಯನವರು ಬೆರಳೆತ್ತಿದರು. "ಪರಂತು ಅಂದ್ರ ಆದ್ರ ಅಂತ. ಕಾಯ್ದೆ ಆದ್ರ ಅಂದಾಗ ಎಚ್ಚರ ಇರ್ರಿ. ಅಲ್ಲೇ ಎಲ್ಲಾ ಐತಿ." ಮೊದಲೇ ಕಾಗದ ಪತ್ರ ಆಗಿ ಪಾಲಾಗಿ ಹೋದದ್ದು ತಿರುಗಿ ಬರುವುದಿಲ್ಲ ಎಂದು ಬಿಡಿಸಿದರು. ಮದುವೆಯ ಮಾತನ್ನು ವಕೀಲಮ್ಮ ಹೇಳಿದಂತೆ ನಾನು ಹೇಳಿದೆ.

ಗಂಡಸರಲ್ಲಿ ಕೆಲವರು ಎದ್ದು ಹೋದರು. ಒಬ್ಬ ಬಾಗಿಲಲ್ಲಿ ನಿಂತು, "ಅಯ್ಯಾರ, ಇದು ಪುರಾಣದಾಗ ಬರಂಗಿಲ್ಲಲ್ರೀ" ಎಂದ. "ಬರಂಗಿಲ್ಲಪಾ. ಅದಕ್ಕ ಬ್ಯಾರೆ ಓದಿದ್ವಿ" ಎಂದರು ಅಯ್ಯನವರು. ಹೆಂಗಸರ ಸಾಲಿನಲ್ಲಿ ಕೂಲಿಗೆ ಹೋಗುವ ಹುಲಿಗೆಮ್ಮ ಮೊಣಕಾಲು ತಿಕ್ಕಿಕೊಳ್ಳುತ್ತ, "ಛಲೋ ಐತಿ ಯವ್ವಾ. ಹೊಲ ಇದ್ದವ್ರಿಗೆ ಛಲೋ ಐತಿ. ನಮ್ಮಪ್ಪನ ಹೊಲದಾಗ ಅಣ್ಣಂದೂ ಇಲ್ಲ, ನಂದೂ ಇಲ್ಲ, ಯಾಕಂದ್ರ ಹೊಲನ ಇಲ್ಲ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಾನು ಹಾಳೆ ಮಡಿಸಲು ಹೋದೆ. ಮುದುಕಿಯೊಬ್ಬಳು ತಡೆದಳು. "ಓದಿದ್ದನ್ನ ಹಂಗ ಮುಚ್ಚಬಾರದವ್ವಾ. ಮಂಗಳ ಆಗ್ಲಿ." ಆರತಿ ತಟ್ಟೆ ಬಂತು. ಹಾಳೆಗೆ ಅರಿಷಿಣ ಕುಂಕುಮ ಹಚ್ಚಿದರು. ಕಾಯಿ ಒಡೆದರು. ನಾನು ಪುರಾಣದ ಮಂಗಳವನ್ನೇ ಹಾಡಿದೆ. ಹೆಂಗಸರೆಲ್ಲ ಎದ್ದು ನಿಂತು ಕೈ ಮುಗಿದರು. ಒಬ್ಬೊಬ್ಬರೇ ಬಂದು ಹಾಳೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಪ್ರಸಾದ ತೆಗೆದುಕೊಂಡು, ಮನೆಗೆ ಹೋದರು. ಯಾರೂ ಏನೂ ಕೇಳಲಿಲ್ಲ. ನಾಳೆ ಎಲ್ಲಿಗೆ ಹೋಗಬೇಕು, ಯಾರಿಗೆ ಅರ್ಜಿ ಕೊಡಬೇಕು, ಒಂದು ಮಾತಿಲ್ಲ. ಕೇಳಿದರು, ಪುಣ್ಯ ಬಂತು, ಮುಗಿಯಿತು. ಪುರಾಣವನ್ನು ಕೇಳುತ್ತಾರೆ, ಅದರಂತೆ ಯಾರು ನಡೆಯುತ್ತಾರೆ? ಅದು ನನಗೆ ಆಗ ಹೊಳೆಯಲಿಲ್ಲ. ಅವ್ವ ಎಲ್ಲರಿಗಿಂತ ಕೊನೆಗೆ ಬಂದು, ಹಾಳೆಯ ಮೇಲೆ ಕೈ ಇಟ್ಟು, ಬಹಳ ಹೊತ್ತು ನಿಂತಿದ್ದಳು. ನಾನು ಗೆದ್ದೆ ಎಂದುಕೊಂಡೆ.

ಪಂಚಮಿಗೆ ಅವ್ವನ ಜೊತೆ ನಾನೂ ಹೋದೆ. ಮಾಮಾನ ಮನೆಯಲ್ಲಿ ಹಬ್ಬ ಜೋರಾಗಿತ್ತು. ಎಳ್ಳುಂಡಿ, ಶೇಂಗಾದುಂಡಿ, ಜೋಳದ ಅಳ್ಳು, ಬೇವಿನಮರಕ್ಕೆ ಜೋಕಾಲಿ. ಅವ್ವ ನಾಗಪ್ಪಗೆ ಹಾಲೆರೆದಳು, ತಮ್ಮಂದಿರ ಹೆಸರು ಹೇಳಿ ಎರೆದಳು. ಮಠದಲ್ಲಿ ಓದಿದ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಅಮರಪ್ಪ ಮಾಮಾನ ಹೆಂಡತಿ ಒಲೆ ಮುಂದೆ ಕುಳಿತು, ನನಗೆ ಕೇಳುವಷ್ಟು ದನಿಯಲ್ಲಿ, "ಗಂಡನ ಮನ್ಯಾಗ ನೆಲಿ ಇಲ್ಲದಾಕಿ ಅವ್ವನ ತವರಿಗೂ ಕಣ್ಣು ಹಾಕ್ಯಾಳ" ಎಂದಳು. ಎದ್ದು ಹೊರಗೆ ಬಂದರೆ ಅವ್ವ ಹೊಲದ ಕಡೆ ಹೊರಟಿದ್ದಳು. ಹಿಂದೆ ಹೋದೆ. ಬಾವಿ ಕಟ್ಟೆಯ ಮೇಲೆ ಕುಳಿತು ಒಳಗೆ ನೋಡಿದಳು. ನೀರು ಅರ್ಧಕ್ಕಿತ್ತು. ಅಲ್ಲಿಯೇ ಕೇಳಿದೆ, "ನಾಳೆ ಏನು ಮಾಡ್ತಿ ಬೇ?"

"ನೋಡೋಣು" ಎಂದಳು.

ಮರುದಿನ ಲಿಂಗಸುಗೂರು. ಉಪನೋಂದಣಿ ಕಚೇರಿಯ ಮುಂದೆ ನಮ್ಮಂಥವರೇ ನಾಲ್ಕಾರು ಗುಂಪು. ಹಬ್ಬಕ್ಕೆ ಬಂದ ಹೆಣ್ಣುಮಕ್ಕಳು, ಹೊಸ ಸೀರೆ, ಜೊತೆಗೆ ಅಣ್ಣತಮ್ಮಂದಿರು. ಪಂಚಮಿಯ ಮರುದಿನ ಅಲ್ಲಿ ರಶ್ ಇರುತ್ತದೆ ಎಂದು ಬಾಂಡ್ ರೈಟರನೇ ಹೇಳಿದ, ಹೆಮ್ಮೆಯಿಂದ. ವರಾಂಡದಲ್ಲಿ ನಿಂತು ಪತ್ರವನ್ನು ಗಡಗಡ ಓದಿದ. ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಎಂದೆಲ್ಲ ಬಂತು. ಹೊಲದ ಚಕ್ಕುಬಂದಿ ಬಂತು. ಬಾವಿ ಬಂತು. ಅವ್ವನ ಮುಖ ನೋಡಿದೆ. ಏನೂ ಇರಲಿಲ್ಲ ಅದರಲ್ಲಿ.

ಒಳಗೆ ಕರೆದರು. ಅಧಿಕಾರಿ ಕಂಪ್ಯೂಟರಿನಿಂದ ತಲೆ ಎತ್ತಿ, ಎಲ್ಲರಿಗೂ ಕೇಳುವ ಮಾತನ್ನೇ ಕೇಳಿದರು. "ಇದು ಹಕ್ಕು ಬಿಡುಗಡೆ ಪತ್ರ. ಮುಂದ ನಿಮಗ ಹೊಲದಾಗ ಏನೂ ಬರಂಗಿಲ್ಲ. ಎಲ್ಲಾ ಓದಿ ಹೇಳ್ಯಾರೇನಮ್ಮ?"

ಅಮರಪ್ಪ ಮಾಮಾ ಬಾಯಿ ತೆರೆದ. ಅದಕ್ಕಿಂತ ಮುಂಚೆ ಅವ್ವ ಹೇಳಿದಳು. "ನನ್ನ ಮಗಳು ಓದಿ ಹೇಳ್ಯಾಳ ರೀ. ಮಠದಾಗ, ಎಲ್ಲರ ಮುಂದ."

ಅಧಿಕಾರಿ ನನ್ನ ಕಡೆ ಒಮ್ಮೆ ನೋಡಿ, ತಲೆಯಾಡಿಸಿ, ಯಂತ್ರ ಮುಂದೆ ಸರಿಸಿದರು. ಅವ್ವ ಹೆಬ್ಬೆಟ್ಟು ಇಟ್ಟಳು. ಒಂದು ಸಲ ಮೂಡಲಿಲ್ಲ. ಕೆಲಸ ಮಾಡಿ ಮಾಡಿ ಗೆರೆ ಸವೆದಿತ್ತು. ಸೆರಗಿನಿಂದ ಒರೆಸಿಕೊಂಡು ಇನ್ನೊಮ್ಮೆ, ಒತ್ತಿ ಇಟ್ಟಳು. ನಾನು ಏನಾದರೂ ಹೇಳಬೇಕಿತ್ತು ಎಂದು ಆಮೇಲೆ ಕೆಲವರು ಅಂದರು. ಏನೆಂದು ಹೇಳಲಿ? ಅವ್ವ ಸುಳ್ಳು ಹೇಳಿರಲಿಲ್ಲ.

ವರಾಂಡಕ್ಕೆ ಬಂದ ಮೇಲೆ, ಜೊತೆಗೆ ಬಂದಿದ್ದ ಅಮರಪ್ಪ ಮಾಮಾನ ಹೆಂಡತಿ ಅಲ್ಲೇ ಅವ್ವನಿಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಅರಿಷಿಣಬೇರು, ಮೇಲೆ ಇಳಕಲ್ ಸೀರೆ. ಪಕ್ಕದ ಗುಂಪಿನಲ್ಲೂ ಯಾರಿಗೋ ಉಡಿ ತುಂಬುತ್ತಿದ್ದರು. ಚಿಕ್ಕ ಮಾಮಾ ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಅವನ ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ. ನನ್ನ ಕಣ್ಣು ಒಣಗಿತ್ತು. ಯಾರೋ ಕೈಯಲ್ಲಿ ಒಂದು ಎಳ್ಳುಂಡಿ ಇಟ್ಟರು, ತಿಂದೆ. ರುಚಿ ಗೊತ್ತಾಗಲಿಲ್ಲ, ವಾಸನೆ ಮಾತ್ರ 'ನಾನಿಲ್ಲೇ ಇದೀನಿ' ಎಂದಿತು.

ಮಸ್ಕಿಗೆ ಬರುವ ಬಸ್ಸಿನಲ್ಲಿ ಕಿಟಕಿ ಹತ್ತಿರ ಅವ್ವ, ಮಡಿಲಲ್ಲಿ ಉಡಿ. ನನಗೆ ತಡೆಯಲಾಗಲಿಲ್ಲ.

"ನಾ ಓದಿದ್ದು ಕೊಡಾಕಲ್ಲ ಬೇ. ಇಟ್ಕೊಳ್ಳಾಕ."

"ಗೊತ್ತೈತಿ."

"ಗೊತ್ತಿದ್ದು ಯಾಕ ಕೊಟ್ಟಿ?"

ಅವ್ವ ಉಡಿಯ ಗಂಟನ್ನು ಬಿಗಿ ಮಾಡಿಕೊಂಡಳು. "ಅಮರಪ್ಪ ಮೊದಲ ಕೇಳಿದಾಗ ನನ್ನ ಕೈಯಾಗ ಏನೂ ಇದ್ದಿದ್ದಿಲ್ಲ. ನಿನಗ ಏನೂ ಇಲ್ಲ, ಹೆಬ್ಬೆಟ್ಟು ಒತ್ತು ಅಂದ. ಅವತ್ತ ಒತ್ತಿದ್ರ ನಾ ಖಾಲಿ ಕೈಲೆ ಒತ್ತಿದಂಗ. ನೀ ಓದಿದ ಮ್ಯಾಲ ನಂದು ಅಂತ ಆತು. ಮೂರು ದಿನ ನಂದು ಇತ್ತು ಅದು. ಬಾವಿ ಕಟ್ಟಿ ಮ್ಯಾಲ ಕುಂತಾಗ ನಂದ ಇತ್ತು. ನಂದಿದ್ದದ್ದು ನಾ ಕೊಟ್ಟೆ. ಅವರು ತಗೊಂಡಿಲ್ಲ, ನಾ ಕೊಟ್ಟೀನಿ." ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಅವರನ್ನ ಬಿಟ್ರ ಪಂಚಮಿಗೆ ಕರಿಯಾಕ ಬರೋರು ಯಾರಿದ್ದಾರ ನನಗ?"

ನಾನು ಕಿಟಕಿಯ ಆಚೆ ನೋಡಿದೆ. ಅದನ್ನು ದೊಡ್ಡ ಮಾತು ಎನ್ನಬೇಕೋ, ಸೋತವರು ಹೇಳಿಕೊಳ್ಳುವ ಸಮಾಧಾನ ಎನ್ನಬೇಕೋ, ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಜೋಳದ ಹೊಲ ಮುಗಿದು ಕಾಲುವೆ ಬಯಲು ಬಂತು. ಸಾಲಾಗಿ ಹೆಂಗಸರು ಬಗ್ಗಿ ಸಸಿ ನಾಟುತ್ತಿದ್ದರು. ಯಾರದೋ ಹೊಲ.

ಮುಂದಿನ ಪಂಚಮಿಗೆ ಅಮರಪ್ಪ ಮಾಮಾ ಬಂದು ಕರೆದುಕೊಂಡು ಹೋದ. ಅದರ ಮುಂದಿನ ವರ್ಷ ಫೋನು ಮಾಡಿ ಬಸ್ಸು ಹತ್ತಿ ಬಾ ಎಂದ. ಆಮೇಲೆ ಫೋನೂ ಬರಲಿಲ್ಲ. ಜಗಳವೇನೂ ಆಗಿಲ್ಲ. ಹೊಲ ಪಾಲಾಯಿತು, ಮನೆಯೂ ಪಾಲಾಯಿತು. ಅಕ್ಕನನ್ನು ಅವನು ಕರೆದಾನು ಎಂದು ಇವನು, ಇವನು ಕರೆದಾನು ಎಂದು ಅವನು ಸುಮ್ಮನಾದರು. ಅಪ್ಪ ತೀರಿಕೊಂಡಾಗ ಇಬ್ಬರೂ ಬಂದಿದ್ದರು, ಮಣ್ಣು ಕೊಟ್ಟು ಹೋದರು. ಅಯ್ಯನವರೂ ತೀರಿಕೊಂಡರು. ಈಗ ಮಠದಲ್ಲಿ ಶ್ರಾವಣಕ್ಕೆ ಧ್ವನಿವರ್ಧಕದಲ್ಲಿ ಪುರಾಣ ಹಚ್ಚುತ್ತಾರೆ. ಓದುವವರೂ ಬೇಡ, ಬಿಡಿಸುವವರೂ ಬೇಡ.

ಕಾಯ್ದೆಯ ಆ ಹಾಳೆಗಳು ನಮ್ಮ ಮನೆಯ ದೇವರ ಜಗುಲಿಯ ಮೇಲಿವೆ. ಅಲ್ಲಿಟ್ಟವಳು ಅವ್ವ. ಕುಂಕುಮ ಹತ್ತಿ ಹತ್ತಿ ಒಂದು ಸಾಲು ಅಳಿಸಿದೆ. ಪರವಾಗಿಲ್ಲ, ನನಗೆ ಬಾಯಿಪಾಠ.

ಈ ಸಲದ ಪಂಚಮಿಯಂದು ಅವ್ವ ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಆ ಇಳಕಲ್ ಸೀರೆ ಅಲ್ಲ, ಅದನ್ನು ಅವಳು ಈವರೆಗೆ ಉಟ್ಟಿಲ್ಲ. ಲಿಂಗಸುಗೂರಿನ ಕಡೆಯಿಂದ ಮಸ್ಕಿ ಹಾದು ಬರುವ ಬಸ್ಸು ಊರ ಅಗಸಿಯಲ್ಲಿ ನಿಂತು, ಜನ ಇಳಿಸಿ, ಹೋಯಿತು. ಇಳಿದವರು ಯಾವ್ಯಾವುದೋ ಮನೆಗೆ ಹೋದರು. ಅವ್ವ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಬಂದಳು.

"ಗಿರಿಜಾ, ಅದನ್ನ ತಗಿ. ಓದು."

ಪ್ರತಿ ಪಂಚಮಿಗೂ ಹೀಗೇ. ದೀಪ ಹಚ್ಚಿ, ಹಾಳೆ ತೆಗೆದು, ಓದಿದೆ. ಅದೇ ದನಿ. ಅವ್ವ ಗೋಡೆಗೆ ಆತು, ಕಣ್ಣು ಮುಚ್ಚಿ, ಕೈ ಜೋಡಿಸಿ ಕೇಳಿದಳು. ಪರಂತು ಬಂದಲ್ಲಿ ಬೆರಳೆತ್ತಿದಳು, ಅಯ್ಯನವರ ಹಾಗೆ.

"ಅರ್ಥ ಹೇಳು."

"ಮಗಳಿಗೂ ಮಗನಷ್ಟ ಬೇ."

"ಹುಟ್ಟಿದಾಗಿಂದ?"

"ಹುಟ್ಟಿದಾಗಿಂದ."

"ಇನ್ನೂ ಹಂಗ ಐತೇನು? ಎಲ್ಲೂ ಬದಲಿ ಮಾಡಿಲ್ಲಲ್ಲ?"

ಇದನ್ನೂ ಪ್ರತಿ ವರ್ಷ ಕೇಳುತ್ತಾಳೆ. ಕೇಳುತ್ತಾಳೆಂದು ಹಬ್ಬಕ್ಕೆ ಮುಂಚೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ನೋಡಿಟ್ಟಿರುತ್ತೇನೆ. ಈಗ ಕನ್ನಡದ ಅಕ್ಷರ ಒಡೆಯುವುದಿಲ್ಲ, ಚೆಂದಾಗಿ ಬರುತ್ತದೆ.

"ಇಲ್ಲ ಬೇ. ಹಂಗ ಐತಿ. ಮೊನ್ನೆ ನೋಡೀನಿ."

"ಇರಲಿ" ಎಂದಳು ಅವ್ವ. ತಮ್ಮಂದಿರಿಗೆಂದು ತೆಗೆದಿಟ್ಟಿದ್ದ ಎರಡು ಎಳ್ಳುಂಡಿಗಳನ್ನು ತಂದು ಆ ಹಾಳೆಗಳ ಮುಂದೆ ಇಟ್ಟಳು. "ಮಂಗಳ ಹೇಳು."

ಹೇಳಿದೆ.